ಕ್ರೂಸ್ ಬುಕ್ ಮಾಡಿದ ಮೇಲೆ ದರ ಇಳಿದರೆ ಏನು ಮಾಡಬೇಕು? ಬೆಂಗಳೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ಕೂತು, ಮಕ್ಕಳ ದಸರಾ ರಜೆ ನೋಡಿಕೊಂಡು, ಸಿಂಗಾಪುರದಿಂದ ಹೊರಡುವ ಹಡಗಿಗೆ ಮುಂಗಡ ಕಟ್ಟಿರುತ್ತೀರಿ. ಸ್ವಲ್ಪ ದಿನ ಕಳೆದ ಮೇಲೆ ಅದೇ ಹಡಗು, ಅದೇ ತಾರೀಕು, ಆದರೆ ಕಡಿಮೆ ದರ ಅಂತ ಫೋನಿನಲ್ಲಿ ಜಾಹೀರಾತು ಬರುತ್ತದೆ. ಹೊಟ್ಟೆ ಉರಿಯುತ್ತದೆ, ಅಲ್ವಾ?

ಉರಿಸಿಕೊಂಡು ಸುಮ್ನೆ ಕೂರಬೇಕಾಗಿಲ್ಲ. ಬಾಕಿ ಹಣ ಕಟ್ಟುವ ಕಡೇ ದಿನ ಇನ್ನೂ ದಾಟಿಲ್ಲ ಅಂದರೆ ವ್ಯತ್ಯಾಸ ಕೇಳಲು ದಾರಿಗಳಿವೆ. ಆದರೆ ಯಾರೂ ತಾವಾಗಿ ಫೋನ್ ಮಾಡಿ ಕೊಡುವುದಿಲ್ಲ. ನೀವೇ ಗಮನಿಸಬೇಕು, ನೀವೇ ಕೇಳಬೇಕು. ಇನ್ನೊಂದು ವಿಷಯ: ಜಾಹೀರಾತಿನಲ್ಲಿ ಕಾಣುವ ಇಳಿಕೆ ಬಿಲ್‌ಗೆ ಬರುವಷ್ಟರಲ್ಲಿ ಸಾಕಷ್ಟು ಕರಗಿಹೋಗಿರುತ್ತದೆ. ಹಾಗಾಗಿ ಕೇಳುವುದಕ್ಕೆ ಮೊದಲು ಲೆಕ್ಕ ಹಾಕಬೇಕು. ಈ ಬರಹದಲ್ಲಿ ಹೆಚ್ಚಿನ ಜಾಗ ಆ ಲೆಕ್ಕಕ್ಕೇ ಹೋಗುತ್ತದೆ.

ದರ ಯಾಕೆ ಏರಿಳಿಯುತ್ತದೆ

ಹಡಗು ಹೊರಟ ಮೇಲೆ ಖಾಲಿ ಉಳಿದ ರೂಮ್‌ನಿಂದ ಕಂಪನಿಗೆ ಒಂದು ಪೈಸೆ ಹುಟ್ಟುವುದಿಲ್ಲ. ರೂಮ್‌ನಲ್ಲಿ ಜನ ಇದ್ದರೆ ಟಿಕೆಟ್ ದುಡ್ಡಿನ ಜೊತೆಗೆ ಡ್ರಿಂಕ್ಸ್, ವೈಫೈ, ಸ್ಪಾ, ಕ್ಯಾಸಿನೊ, ದಡದ ಪ್ರವಾಸ ಅಂತ ಹಡಗಿನ ಮೇಲೆ ಖರ್ಚು ಮಾಡುತ್ತಾರೆ. ಆದ್ದರಿಂದ ದರ ಇಳಿಸಿಯಾದರೂ ಹಡಗು ತುಂಬಿಸಲು ನೋಡುತ್ತಾರೆ. ಬುಕಿಂಗ್ ನಿಧಾನವಾದರೆ ದರ ಇಳಿಯುತ್ತದೆ, ಜೋರಾದರೆ ಏರುತ್ತದೆ.

ಇಳಿಕೆ ಜಾಸ್ತಿ ಕಾಣುವ ಕಾಲ ಕೆಲವಿದೆ. ಜನವರಿಯಿಂದ ಮಾರ್ಚ್‌ವರೆಗೆ ಕ್ರೂಸ್ ಕಂಪನಿಗಳು ಆಫರ್‌ಗಳ ಸುರಿಮಳೆ ಸುರಿಸುತ್ತವೆ. ಈ ಧಂದೆಯಲ್ಲಿ ಅದಕ್ಕೆ ವೇವ್ ಸೀಸನ್ ಅನ್ನುತ್ತಾರೆ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ರಿಯಾಯಿತಿ ಮಾರಾಟ ಇನ್ನೊಂದು. ಮೂರನೆಯದು ಬಾಕಿ ಹಣ ಕಟ್ಟುವ ಗಡುವಿನ ಆಸುಪಾಸು. ಆಗ ಮನಸ್ಸು ಬದಲಾಯಿಸಿದವರು ಕ್ಯಾನ್ಸಲ್ ಮಾಡುತ್ತಾರೆ, ಅವರ ರೂಮ್‌ಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ಆದರೆ ಏಪ್ರಿಲ್-ಮೇ, ದಸರಾ, ಕ್ರಿಸ್‌ಮಸ್ ರಜೆಯ ತಾರೀಕುಗಳಿಗೆ ದರ ಇಳಿಯುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ.

ಹಂತ 1: ನಿಮ್ಮ ಬುಕಿಂಗ್ ಯಾರ ಕೈಯಲ್ಲಿದೆ ನೋಡಿ

ಎಲ್ಲಕ್ಕಿಂತ ಮೊದಲು ಇದು ಗೊತ್ತಿರಬೇಕು. ಯಾರನ್ನು ಕೇಳಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಕಂಪನಿಯ ಸೈಟ್‌ನಲ್ಲೇ ನೇರವಾಗಿ ಬುಕ್ ಮಾಡಿದ್ದರೆ ಕಂಪನಿಯನ್ನೇ ಕೇಳಿ. ಮಲ್ಲೇಶ್ವರದ ಏಜೆಂಟ್ ಹತ್ತಿರವೋ, ಯಾವುದಾದರೂ ಆನ್‌ಲೈನ್ ಪೋರ್ಟಲ್‌ನಲ್ಲೋ ಮಾಡಿದ್ದರೆ ಬುಕಿಂಗ್ ಅವರ ಹೆಸರಿನಲ್ಲಿರುತ್ತದೆ. ನೀವು ಕಂಪನಿಗೆ ಫೋನ್ ಮಾಡಿದರೂ 'ನಿಮ್ಮ ಏಜೆಂಟನ್ನೇ ಕೇಳಿ' ಅನ್ನುತ್ತಾರೆ. ಸುಮ್ನೆ ಹೋಲ್ಡ್ ಸಂಗೀತ ಕೇಳಿದ್ದಷ್ಟೇ ಬಂತು.

ಮೂರನೇ ಬಗೆ ಗ್ರೂಪ್ ಟೂರ್. ಟೂರ್ ಕಂಪನಿಯವರು ರೂಮ್‌ಗಳನ್ನು ಮೊದಲೇ ಸಗಟಾಗಿ ಹಿಡಿದಿಟ್ಟು, ವಿಮಾನ, ವೀಸಾ, ಟೂರ್ ಮ್ಯಾನೇಜರ್, ಕೆಲವೊಮ್ಮೆ ಜೈನ್ ಊಟದ ವ್ಯವಸ್ಥೆ ಎಲ್ಲ ಸೇರಿಸಿ ಒಂದೇ ದರ ಹೇಳುತ್ತಾರೆ. ಇಲ್ಲಿ ಕ್ರೂಸ್ ಕಂಪನಿಯ ಸೈಟ್‌ನಲ್ಲಿ ದರ ಇಳಿದರೂ ನಿಮ್ಮ ಪ್ಯಾಕೇಜ್ ದರ ಇಳಿಯಬೇಕು ಅಂತೇನಿಲ್ಲ. ಅದೇ ಟೂರ್ ಕಂಪನಿ ಅದೇ ಪ್ಯಾಕೇಜನ್ನು ಕಡಿಮೆಗೆ ಮಾರಲು ಶುರು ಮಾಡಿದ್ದರೆ ಮಾತ್ರ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹಂತ 2: ಬಿಲ್ ತೆಗೆದು ನಾಲ್ಕು ವಿಷಯ ಗುರುತು ಮಾಡಿ

ಬುಕಿಂಗ್ ಕನ್ಫರ್ಮೇಶನ್ ಇಮೇಲ್‌ನ ಪ್ರಿಂಟ್ ತೆಗೆದುಕೊಳ್ಳಿ. ಪೆನ್ನು ಹಿಡಿದು ಗುರುತು ಹಾಕಿ.

ಮೊದಲನೆಯದು ಬಾಕಿ ಕಟ್ಟುವ ಕಡೇ ದಿನ. ಸಾಮಾನ್ಯವಾಗಿ ಹಡಗು ಹೊರಡುವ 75ರಿಂದ 90 ದಿನ ಮೊದಲು ಇರುತ್ತದೆ. ಉದ್ದದ ಪ್ರಯಾಣಕ್ಕೆ ಇನ್ನೂ ಮುಂಚೆ. ಕೆಲವು ಏಜೆಂಟರು ತಮ್ಮ ಅನುಕೂಲಕ್ಕೆ ಕಂಪನಿಯ ಗಡುವಿಗಿಂತ ಒಂದು ವಾರ ಮೊದಲಿನ ತಾರೀಕು ಕೊಟ್ಟಿರುತ್ತಾರೆ. ಕಂಪನಿಯ ಅಸಲಿ ತಾರೀಕು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನದವರೆಗೆ ಕ್ಯಾನ್ಸಲ್ ಮಾಡಿ ಹೋಗಿಬಿಡುವ ಅವಕಾಶ ನಿಮಗಿರುತ್ತದೆ, ಅದಕ್ಕೇ ಕಂಪನಿ ನಿಮ್ಮ ಮಾತು ಕೇಳುತ್ತದೆ. ಅದು ದಾಟಿದ ಮೇಲೆ ಕ್ಯಾನ್ಸಲ್ ಚಾರ್ಜ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಕೊನೆಗೆ ಪೂರ್ತಿ ಹಣವೂ ಹೋಗುವ ಮಟ್ಟ ಮುಟ್ಟುತ್ತದೆ.

ಎರಡನೆಯದು ಮುಂಗಡ ವಾಪಸ್ ಬರುವಂಥದ್ದೋ ಅಲ್ಲವೋ. ವಾಪಸ್ ಬರದ ಮುಂಗಡದ ದರ ಸ್ವಲ್ಪ ಕಡಿಮೆ ಇರುತ್ತದೆ, ಆ ಆಸೆಗೆ ಬಹಳ ಜನ ಅದನ್ನೇ ಆರಿಸಿರುತ್ತಾರೆ. ಹಾಗಿದ್ದರೆ ಕ್ಯಾನ್ಸಲ್ ಮಾಡಿ ಹೊಸದಾಗಿ ಬುಕ್ ಮಾಡುವ ದಾರಿ ನಿಮಗೆ ಮುಚ್ಚಿದಂತೆಯೇ. ಆದರೆ ಅದೇ ಬುಕಿಂಗ್‌ನ ಒಳಗೆ ದರ ತಿದ್ದಿಸುವ ದಾರಿ ತೆರೆದಿರಬಹುದು. ಇವೆರಡೂ ಬೇರೆ ಬೇರೆ. ಹಡಗು ಅಥವಾ ತಾರೀಕು ಬದಲಾಯಿಸಿದರೆ ದಂಡ ಹಾಕುವ ಕಂಪನಿಯೂ ಅದೇ ತಾರೀಕಿನ ದರ ತಿದ್ದಲು ಏನೂ ಕೇಳದೆ ಇರಬಹುದು.

ಮೂರನೆಯದು ರೂಮಿನ ಕ್ಯಾಟಗರಿ ಕೋಡ್. ಬಾಲ್ಕನಿ ಅಂದರೆ ಒಂದೇ ಬಗೆ ಅಲ್ಲ. ಹಡಗಿನ ಮಧ್ಯದ್ದು, ತುದಿಯದ್ದು, ಲೈಫ್‌ಬೋಟ್ ಅಡ್ಡ ಬರುವಂಥದ್ದು, ಸಮುದ್ರದ ಬದಲು ಹಡಗಿನ ಒಳಗಿನ ಅಂಗಳಕ್ಕೆ ತೆರೆಯುವಂಥದ್ದು ಅಂತ ಹತ್ತಾರು. ಪ್ರತಿಯೊಂದಕ್ಕೂ ಬೇರೆ ಕೋಡ್, ಬೇರೆ ದರ. ಗ್ಯಾರಂಟಿ ರೂಮ್ ಅಂತ ಇನ್ನೊಂದಿದೆ. ಅದರಲ್ಲಿ ರೂಮ್ ನಂಬರ್ ಕಂಪನಿಯೇ ಕೊನೆಗೆ ಕೊಡುತ್ತದೆ, ನೀವು ಆರಿಸುವಂತಿಲ್ಲ. ಜಾಹೀರಾತಿನ ಕಡಿಮೆ ದರ ಬಹಳ ಸಲ ಈ ಗ್ಯಾರಂಟಿ ರೂಮ್‌ನದ್ದೇ. ಮಧ್ಯದ ಬಾಲ್ಕನಿ ಹಿಡಿದಿರುವ ನೀವು ಅದನ್ನು ನೋಡಿ 'ದರ ಇಳಿಯಿತು' ಅಂದರೆ ಕಂಪನಿ ಒಪ್ಪುವುದಿಲ್ಲ.

ನಾಲ್ಕನೆಯದು ಬುಕ್ ಮಾಡುವಾಗ ಸಿಕ್ಕ ಉಡುಗೊರೆಗಳು. ಆನ್‌ಬೋರ್ಡ್ ಕ್ರೆಡಿಟ್ (ಹಡಗಿನ ಮೇಲೆ ಖರ್ಚು ಮಾಡಲು ನಿಮ್ಮ ಖಾತೆಗೆ ಹಾಕುವ ಹಣ), ಉಚಿತ ವೈಫೈ, ಮೂರನೇ-ನಾಲ್ಕನೇ ಪ್ರಯಾಣಿಕರಿಗೆ ರಿಯಾಯಿತಿ ಇಂಥವು. ಹೊಸ ದರಕ್ಕೆ ಹೋದರೆ ಹಳೇ ಆಫರ್ ಬಿಟ್ಟುಕೊಡಬೇಕಾಗುತ್ತದೆ. ಲೆಕ್ಕದಲ್ಲಿ ಜನ ಮರೆಯುವುದು ಇದನ್ನೇ.

ಹಂತ 3: ದರವನ್ನು ಸರಿಯಾಗಿ ನೋಡುವ ರೀತಿ

ಮುಖಪುಟದ 'ಇಷ್ಟರಿಂದ ಆರಂಭ' ಅನ್ನುವ ದರ ನೋಡಬೇಡಿ. ಅದು ಇಬ್ಬರು ಇರುವ ರೂಮಿನಲ್ಲಿ ಒಬ್ಬರ ಪಾಲು, ಅದೂ ತೀರಾ ಅಗ್ಗದ, ಕಿಟಕಿಯಿಲ್ಲದ ಒಳರೂಮಿಗೆ. ಬಂದರು ಶುಲ್ಕ, ತೆರಿಗೆ ಸೇರಿರುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಹೊಸದಾಗಿ ಬುಕ್ ಮಾಡುವವರ ಹಾಗೆ ಪೂರ್ತಿ ಹೋಗಿ. ಅದೇ ತಾರೀಕು, ಅಷ್ಟೇ ಜನ, ಮಕ್ಕಳ ವಯಸ್ಸು ಸರಿಯಾಗಿ, ಅದೇ ಕ್ಯಾಟಗರಿ ಕೋಡ್. ಹಣ ಕಟ್ಟುವ ಪುಟದವರೆಗೆ ಹೋಗಿ ನಿಂತುಕೊಳ್ಳಿ. ಅಲ್ಲಿ ಕಾಣುವ ಒಟ್ಟು ಮೊತ್ತವೇ ಹೋಲಿಸಬೇಕಾದ ಮೊತ್ತ. ತಾರೀಕು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಸೈಟ್‌ನಲ್ಲಿ ದೇಶ ಯಾವುದು ಅಂತ ಆಯ್ಕೆ ಆಗಿರುತ್ತದೆ, ಅದನ್ನೂ ನೋಡಿಕೊಳ್ಳಿ. ಒಂದೇ ಹಡಗಿಗೆ ಅಮೆರಿಕದ ಪುಟದಲ್ಲಿ ಒಂದು ದರ, ಸಿಂಗಾಪುರದ ಪುಟದಲ್ಲಿ ಇನ್ನೊಂದು ಇರುವುದು ಮಾಮೂಲು. ನೀವು ಬುಕ್ ಮಾಡಿದ ದೇಶದ, ಅದೇ ಕರೆನ್ಸಿಯ ದರವನ್ನು ತೋರಿಸಿ ಕೇಳಿದರೆ ಮಾತ್ರ ವಾದ ನಿಲ್ಲುತ್ತದೆ.

ಯೂಟ್ಯೂಬ್ ಸಲಹೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಲ್ಲಿ ಹೇಳುವವರು ಹೆಚ್ಚಿನವರು ಅಮೆರಿಕದವರು. ಬುಕ್ ಮಾಡಿದ 48 ಗಂಟೆಯ ಒಳಗೆ ಕಡಿಮೆ ದರ ತೋರಿಸಿದರೆ ವ್ಯತ್ಯಾಸದ ಶೇ 110ರಷ್ಟು ಆನ್‌ಬೋರ್ಡ್ ಕ್ರೆಡಿಟ್ ಕೊಡುವ ರಾಯಲ್ ಕೆರಿಬಿಯನ್ ಕ್ರೂಸ್ ಕಂಪನಿಯ ಬೆಲೆ ಖಾತರಿ ಅವರ ಬಾಯಲ್ಲಿ ಪದೇ ಪದೇ ಬರುತ್ತದೆ. ಕಾರ್ನಿವಲ್ ಅನ್ನುವ ಇನ್ನೊಂದು ಕಂಪನಿಯ, ಆಮೇಲೆ ದರ ಇಳಿದರೆ ವ್ಯತ್ಯಾಸ ಕೊಡುವ ಅರ್ಲಿ ಸೇವರ್ ದರದ ಮಾತೂ ಬರುತ್ತದೆ. ಇವು ಅಲ್ಲಿನ ಗ್ರಾಹಕರಿಗೆ ಅಲ್ಲಿನ ಷರತ್ತಿನ ಮೇಲೆ ಕೊಟ್ಟ ಮಾತು. ಜಯನಗರದ ಏಜೆಂಟ್ ಮೂಲಕ ಆದ ಬುಕಿಂಗ್‌ಗೆ ಇವು ಅನ್ವಯ ಆಗುತ್ತವೆ ಅಂತ ನಂಬಿ ಜಗಳಕ್ಕೆ ಇಳಿಯಬೇಡಿ. ನಿಮ್ಮ ಕನ್ಫರ್ಮೇಶನ್‌ನಲ್ಲಿ ಬರೆದಿರುವ ಷರತ್ತೇ ನಿಮಗೆ ಆಧಾರ.

ದಿನಾ ನೋಡುವ ಹುಚ್ಚು ಹಚ್ಚಿಕೊಳ್ಳಬೇಡಿ. ಬುಕ್ ಮಾಡಿದ ಮರುದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ, ಗಡುವಿಗೆ ಹತ್ತು ದಿನ ಇರುವಾಗ ದಿನ ಬಿಟ್ಟು ದಿನ ನೋಡಿದರೆ ಧಾರಾಳವಾಯಿತು.

ಹಂತ 4: ಉಳಿತಾಯ ನಿಜವೇ? ಲೆಕ್ಕ ಹಾಕಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಕಲ್ಪಿತ, ಲೆಕ್ಕದ ದಾರಿ ನಿಜವಾದದ್ದು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಸಿಂಗಾಪುರದಿಂದ ನಾಲ್ಕು ರಾತ್ರಿ, ಒಂದೇ ಬಾಲ್ಕನಿ ರೂಮ್. ಎಲ್ಲ ಸಿಂಗಾಪುರ ಡಾಲರ್‌ನಲ್ಲಿ.

ಹಳೇ ಬಿಲ್: ಮೊದಲ ಇಬ್ಬರಿಗೆ ತಲಾ 640, ಮಕ್ಕಳಿಗೆ ತಲಾ 260. ಟಿಕೆಟ್ ಒಟ್ಟು 1,800. ಬಂದರು ಶುಲ್ಕ, ತೆರಿಗೆ ತಲಾ 130ರಂತೆ 520. ಒಟ್ಟು 2,320. ಜೊತೆಗೆ 100 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ ಉಡುಗೊರೆ.

ಈಗ ಜಾಹೀರಾತು 'ತಲಾ 499ರಿಂದ' ಅನ್ನುತ್ತದೆ. 640ರಲ್ಲಿ 499 ಕಳೆದರೆ 141. ನಾಲ್ಕು ಜನಕ್ಕೆ 564 ಡಾಲರ್ ಉಳಿಯಿತು ಅಂತ ಮನಸ್ಸು ಕುಣಿಯುತ್ತದೆ. ಪೂರ್ತಿ ಒಳಗೆ ಹೋಗಿ ನೋಡಿದರೆ ನಿಮ್ಮ ಕ್ಯಾಟಗರಿಗೆ ಮೊದಲ ಇಬ್ಬರಿಗೆ ತಲಾ 540. ಮಕ್ಕಳ ಆಫರ್ ಮುಗಿದಿರುವುದರಿಂದ ಅವರಿಗೆ ತಲಾ 290. ಟಿಕೆಟ್ 1,660. ಬಂದರು ಶುಲ್ಕ ಮೊದಲಿನಷ್ಟೇ, 520. ಒಟ್ಟು 2,180.

ಅಂದರೆ ವ್ಯತ್ಯಾಸ 140 ಡಾಲರ್. ಹೊಸ ದರಕ್ಕೆ ಹೋದರೆ 100 ಡಾಲರ್ ಕ್ರೆಡಿಟ್ ಹೋಗುತ್ತದೆ ಅಂತಾದರೆ ಉಳಿದದ್ದು 40. ಡಾಲರ್‌ಗೆ 70 ರೂಪಾಯಿ ಹಿಡಿದರೆ 2,800 ರೂಪಾಯಿ. ಏಜೆಂಟ್ ತಿದ್ದುಪಡಿಗೆ 1,500 ಕೇಳಿದರೆ ಕೈಗೆ ಬರುವುದು 1,300. ಇಷ್ಟಕ್ಕೆ ಮಧ್ಯದ ಬಾಲ್ಕನಿ ಕಳೆದುಕೊಳ್ಳುವ ಅಪಾಯ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ಕ್ರೆಡಿಟ್ ಉಳಿಸಿಕೊಂಡು ದರ ತಿದ್ದಿಕೊಡುತ್ತಾರಾ ಅಂತ ಕೇಳಲು ದುಡ್ಡು ಬೇಕಿಲ್ಲ. ಒಪ್ಪಿದರೆ ಅದೇ 140 ಪೂರ್ತಿ ನಿಮ್ಮದು.

ಇನ್ನು ರೂಪಾಯಿಯ ಆಟ. ಏಜೆಂಟರು ಬಿಲ್ ಮಾಡುವಾಗ ಆ ದಿನದ ವಿನಿಮಯ ದರ ಹಿಡಿಯುತ್ತಾರೆ. ಅವರ ಭಾಷೆಯಲ್ಲಿ ಆರ್‌ಒಇ. ಮೇಲಿನ ಉದಾಹರಣೆಯಲ್ಲಿ 400 ಡಾಲರ್ ಮುಂಗಡ ಕಟ್ಟಿ 1,920 ಬಾಕಿ ಇದೆ ಅನ್ನಿ. ಮುಂಗಡ ಕಟ್ಟಿದ ದಿನ ಡಾಲರ್‌ಗೆ 68 ಇತ್ತು, ಬಾಕಿ ಕಟ್ಟುವ ದಿನ 70 ಆಯಿತು. ಅಷ್ಟರಿಂದಲೇ 3,840 ರೂಪಾಯಿ ಜಾಸ್ತಿ ಬಿತ್ತು. ಕ್ರೂಸ್ ದರ ಇಳಿದ ಖುಷಿಯನ್ನು ರೂಪಾಯಿ ನುಂಗಿಹಾಕಿತು. ಏಜೆಂಟ್ 'ರೇಟ್ ಇಳಿದಿದೆ ಮೇಡಂ' ಅಂದರೆ 'ಇವತ್ತಿನ ಆರ್‌ಒಇ ಎಷ್ಟು ಹಿಡಿದಿದ್ದೀರಿ' ಅಂತ ಜೊತೆಗೇ ಕೇಳಿ.

ನೇರವಾಗಿ ವಿದೇಶಿ ಸೈಟ್‌ನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದವರಿಗೆ ಇನ್ನೊಂದು ಪೆಟ್ಟು ಇದೆ. ಬಹುತೇಕ ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ ಶೇ 2ರಿಂದ 3.5ರವರೆಗೆ ಮಾರ್ಕಪ್, ಅಂದರೆ ಹೆಚ್ಚುವರಿ ಶುಲ್ಕ, ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಶೇ 3.5ರ ಕಾರ್ಡ್ ಆದರೆ ಒಟ್ಟು ಶೇ 4.13. ಪೂರ್ತಿ ಹಣ ಕಟ್ಟಿ, ಆಮೇಲೆ ಕ್ಯಾನ್ಸಲ್ ಮಾಡಿ, 2,180ಕ್ಕೆ ಹೊಸದಾಗಿ ಬುಕ್ ಮಾಡಿದರೆ ಮತ್ತೊಮ್ಮೆ ಸುಮಾರು 6,300 ರೂಪಾಯಿ ಮಾರ್ಕಪ್ ಬೀಳುತ್ತದೆ. ಮೊದಲ ಸಲದ್ದು ವಾಪಸ್ ಬರುತ್ತದೆ ಅನ್ನುವ ಭರವಸೆ ಬೇಡ. ರಿಫಂಡ್ ಆಗುವ ದಿನದ ವಿನಿಮಯ ದರವೂ ಬೇರೆ ಇರುತ್ತದೆ. 140 ಡಾಲರ್ ಅಂದರೆ 9,800 ರೂಪಾಯಿಯ ಉಳಿತಾಯ ನೋಡ್ತಾ ನೋಡ್ತಾ 3,500ಕ್ಕೆ ಇಳಿಯಿತು. ಅದೇ ಬುಕಿಂಗ್‌ನಲ್ಲಿ ದರ ತಿದ್ದಿ 140 ಡಾಲರ್ ಮಾತ್ರ ವಾಪಸ್ ಹಾಕಿದರೆ ಈ ತಲೆನೋವು ಇಲ್ಲ. ಆದ್ದರಿಂದಲೇ ಮೊದಲು ಕೇಳಬೇಕಾದ್ದು ರೀಪ್ರೈಸ್, ಅಂದರೆ ಈ ದರ ತಿದ್ದುಪಡಿ. ಕ್ಯಾನ್ಸಲ್ ಕೊನೆಯ ದಾರಿ.

ಹಂತ 5: ಕೇಳುವ ರೀತಿ

ಫೋನಿನಲ್ಲಿ ಮಾತಾಡಿ, ತಪ್ಪೇನಿಲ್ಲ. ಆದರೆ ವಿಷಯ ಬರಹದಲ್ಲಿ ಇರಲಿ. ವಾಟ್ಸ್ಆಪ್‌ನಲ್ಲಿ ಕಳಿಸಿದ್ದನ್ನೇ ಇಮೇಲ್‌ನಲ್ಲೂ ಹಾಕಿ. 'ರೇಟ್ ಕಮ್ಮಿ ಆಗಿದೆಯಂತಲ್ಲ ಸರ್' ಅಂತ ಕೇಳಿದರೆ 'ನೋಡ್ತೀನಿ' ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಏಜೆಂಟ್ ಹಾಗೇ ಕಂಪನಿಗೆ ಫಾರ್ವರ್ಡ್ ಮಾಡಬಹುದಾದಷ್ಟು ವಿವರ ಕೊಡಿ. ಹೀಗೆ:

'ನಮಸ್ಕಾರ ಸರ್. ನಮ್ಮ ಬುಕಿಂಗ್ ನಂಬರ್ ಇಂಥದ್ದು. ಹಡಗಿನ ಹೆಸರು ಇದು, ಹೊರಡುವ ದಿನ ಇದು. ನಾಲ್ಕು ಜನ, ಬಾಲ್ಕನಿ, ಕ್ಯಾಟಗರಿ ಇದು. ಇವತ್ತು ಬೆಳಿಗ್ಗೆ 10.15ಕ್ಕೆ ಕಂಪನಿ ಸೈಟ್‌ನಲ್ಲಿ ಇದೇ ಕ್ಯಾಟಗರಿಗೆ ನಾಲ್ಕು ಜನಕ್ಕೆ ಟ್ಯಾಕ್ಸ್ ಸೇರಿ 2,180 ಡಾಲರ್ ಇದೆ. ನಮ್ಮ ಬಿಲ್ 2,320. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಕ್ಯಾನ್ಸಲ್ ಮಾಡದೆ ಇದೇ ಬುಕಿಂಗ್‌ನಲ್ಲಿ ರೀಪ್ರೈಸ್ ಆಗುತ್ತಾ ಅಂತ ಕಂಪನಿಯನ್ನು ಕೇಳಿ ತಿಳಿಸಿ. ರೂಮ್ ನಂಬರ್ ಮತ್ತು 100 ಡಾಲರ್ ಕ್ರೆಡಿಟ್ ಹಾಗೇ ಉಳಿಯುತ್ತಾ? ನಿಮ್ಮ ಚಾರ್ಜ್ ಎಷ್ಟು? ನಾನು ಓಕೆ ಹೇಳುವ ತನಕ ದಯವಿಟ್ಟು ಏನನ್ನೂ ಬದಲಾಯಿಸಬೇಡಿ.'

ಕೊನೆಯ ವಾಕ್ಯ ಬಿಡಬೇಡಿ. ಉತ್ಸಾಹಿ ಏಜೆಂಟ್ ಮೊದಲು ಕ್ಯಾನ್ಸಲ್ ಒತ್ತಿ, ಆಮೇಲೆ ಹೊಸ ದರ ಹುಡುಕಲು ಹೋಗಿ, ಅಷ್ಟರಲ್ಲಿ ದರ ಏರಿದ್ದರೆ ಗತಿಯೇನು? ಹೊಸ ಕನ್ಫರ್ಮೇಶನ್ ಕೈಗೆ ಬರುವವರೆಗೆ ಹಳೆಯದನ್ನು ಬಿಡಬಾರದು.

ಬೆಳಿಗ್ಗೆ ಕಳಿಸುವುದು ಒಳ್ಳೆಯದು. ಸಂಜೆ ಆರಕ್ಕೆ ಕಳಿಸಿದರೆ ಏಜೆಂಟ್ ಮರುದಿನ ನೋಡುತ್ತಾರೆ, ಅಷ್ಟರಲ್ಲಿ ಆ ದರ ಇಲ್ಲದೆ ಹೋಗಬಹುದು. ಏಜೆಂಟರ ಕಷ್ಟವನ್ನೂ ಸ್ವಲ್ಪ ನೋಡಿ. ದರ ಇಳಿದರೆ ಅವರ ಕಮಿಷನ್ನೂ ಇಳಿಯುತ್ತದೆ, ಕೆಲಸ ಮಾತ್ರ ಎರಡು ಪಟ್ಟು. ಹೀಗಿರುವಾಗ ಸಣ್ಣ ಚಾರ್ಜ್ ಕೇಳಿದರೆ ತಪ್ಪೆನ್ನಲಾರೆ. 200 ರೂಪಾಯಿ ಇಳಿದಾಗೆಲ್ಲ ಮೆಸೇಜ್ ಹಾಕುವ ಗ್ರಾಹಕರ ದೊಡ್ಡ ಕೋರಿಕೆಯೂ ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಉತ್ತರ ಮೂರು ಬಗೆಯಲ್ಲಿ ಬರಬಹುದು. ಬಾಕಿ ಮೊತ್ತ ಕಡಿಮೆ ಮಾಡುತ್ತಾರೆ, ಅದು ಎಲ್ಲಕ್ಕಿಂತ ಒಳ್ಳೆಯದು. ಅಥವಾ ವ್ಯತ್ಯಾಸವನ್ನು ಆನ್‌ಬೋರ್ಡ್ ಕ್ರೆಡಿಟ್ ಆಗಿ ಕೊಡುತ್ತಾರೆ. ಅಥವಾ ಅದೇ ದುಡ್ಡಿಗೆ ಮೇಲಿನ ದರ್ಜೆಯ ರೂಮ್ ಕೊಡುತ್ತೇವೆ ಅನ್ನುತ್ತಾರೆ. ಮೂರನೆಯದನ್ನು ಒಪ್ಪುವ ಮುನ್ನ ಹಡಗಿನ ಡೆಕ್ ನಕ್ಷೆಯಲ್ಲಿ ಆ ರೂಮ್ ಎಲ್ಲಿದೆ ನೋಡಿ. ನೈಟ್‌ಕ್ಲಬ್ ಕೆಳಗಿನ ಬಾಲ್ಕನಿಗಿಂತ ಶಾಂತವಾದ ಒಳರೂಮ್ ಮೇಲು, ಅದರಲ್ಲೂ ಜೊತೆಗೆ ಅಜ್ಜ-ಅಜ್ಜಿ ಇದ್ದರೆ.

ಆನ್‌ಬೋರ್ಡ್ ಕ್ರೆಡಿಟ್ ಸಿಕ್ಕರೆ ಅದು ನಗದಾಗಿ ವಾಪಸ್ ಬರುವಂಥದ್ದೋ ಅಲ್ಲವೋ ಕೇಳಿ. ಅಲ್ಲದಿದ್ದರೆ ಕೊನೆಯ ರಾತ್ರಿ ಉಳಿದದ್ದು ಹಾಗೇ ಹೋಗುತ್ತದೆ. ಹಡಗಿನ ಸಿಬ್ಬಂದಿ ಟಿಪ್ಸ್ ಅಂತ ದಿನಕ್ಕೆ ತಲಾ ಸುಮಾರು 15ರಿಂದ 20 ಅಮೆರಿಕನ್ ಡಾಲರ್ ನಿಮ್ಮ ಖಾತೆಗೆ ಹಾಕುವುದು ವಾಡಿಕೆ. ಕ್ರೆಡಿಟ್ ಅದಕ್ಕೆ ಜಮೆ ಆಗುತ್ತದಾ ಕೇಳಿ. ಹಾಗೆ ಜಮೆ ಆಗುವುದಾದರೆ, ಕ್ರೆಡಿಟ್ ಮುಗಿಸಲಿಕ್ಕಂತ ಬೇಡದ ಸ್ಪಾಗೆ ಹೋಗುವ ಗೊಡವೆ ಇರುವುದಿಲ್ಲ.

ಹಂತ 6: ಕ್ಯಾನ್ಸಲ್ ಮಾಡಿ ಮತ್ತೆ ಬುಕ್ ಮಾಡುವುದೇ ಆದರೆ

ಗಡುವು ದಾಟಿಲ್ಲ, ಮುಂಗಡ ವಾಪಸ್ ಬರುತ್ತದೆ, ಮೇಲಿನ ಎಲ್ಲ ಖರ್ಚು ಕಳೆದರೂ ದೊಡ್ಡ ಮೊತ್ತ ಉಳಿಯುತ್ತದೆ. ಹೀಗಿದ್ದರೆ ಮಾತ್ರ ಮಾಡಿ. ಮೊದಲು ಹೊಸ ಬುಕಿಂಗ್, ಆಮೇಲೆ ಹಳೆಯದರ ಕ್ಯಾನ್ಸಲ್. ಒಂದೇ ಹೆಸರಿನಲ್ಲಿ ಒಂದೇ ಹಡಗಿಗೆ ಎರಡು ಬುಕಿಂಗ್ ಇರಲು ಕೆಲವು ಕಂಪನಿಗಳು ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ರಿಫಂಡ್ ಬರಲು ವಾರಗಳೇ ಹಿಡಿಯಬಹುದು. ಅಷ್ಟು ದಿನ ಎರಡೂ ಮುಂಗಡ ನಿಮ್ಮ ಕಾರ್ಡ್ ಮೇಲೆ ಕೂತಿರುತ್ತವೆ.

ಬುಕಿಂಗ್ ನಂಬರ್ ಬದಲಾದರೆ ಅದಕ್ಕೆ ಅಂಟಿಕೊಂಡ ಕಾಗದಗಳೂ ಬದಲಾಗಬೇಕು. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಹಳೇ ನಂಬರ್ ಇದ್ದರೆ ತಿದ್ದಿಸಿ. ಹಳೇ ಬುಕಿಂಗ್‌ನಲ್ಲಿ ಮೊದಲೇ ಕೊಂಡಿದ್ದ ವೈಫೈ, ಡ್ರಿಂಕ್ಸ್ ಪ್ಯಾಕೇಜ್ ಹೊಸದಕ್ಕೆ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ.

ಬೆಂಗಳೂರಿನವರು ಇನ್ನೊಂದು ಯೋಚಿಸಬೇಕು. ನಮ್ಮೂರಿಗೆ ಸಮುದ್ರವಿಲ್ಲ. ಯಾವ ಹಡಗು ಹತ್ತಬೇಕಾದರೂ ಮೊದಲು ಚೆನ್ನೈ, ಕೊಚ್ಚಿ, ಮುಂಬೈ, ಸಿಂಗಾಪುರದಂಥ ಬಂದರಿನ ಊರಿಗೆ ಹೋಗಲೇಬೇಕು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸಿಂಗಾಪುರಕ್ಕೆ ತೆಗೆದ ಟಿಕೆಟ್, ಕಟ್ಟಿದ ವೀಸಾ ಫೀ, ಆಫೀಸಿನಲ್ಲಿ ಹಾಕಿದ ರಜೆ ಎಲ್ಲ ಒಂದೇ ತಾರೀಕಿಗೆ ಗಂಟು ಬಿದ್ದಿರುತ್ತವೆ. 'ಮುಂದಿನ ವಾರದ ಹಡಗು ಇನ್ನೂ ಅಗ್ಗ' ಅನ್ನುವ ಆಸೆಗೆ ತಾರೀಕು ಬದಲಾಯಿಸಿದರೆ ವಿಮಾನದ ಬದಲಾವಣೆ ಚಾರ್ಜ್ ಒಂದೇ ಸಾಕು, ಉಳಿದದ್ದೆಲ್ಲ ಹೋಗಲು. ಕೊನೇ ಗಳಿಗೆಯ ಅಗ್ಗದ ಟಿಕೆಟ್ ಬಂದರಿನ ಊರಿನಲ್ಲೇ ಇರುವವರಿಗೆ ಚೆನ್ನ, ನಮಗಲ್ಲ.

ದೇಶದೊಳಗಿನ ಪ್ರಯಾಣಕ್ಕೆ ಲೆಕ್ಕ ಸ್ವಲ್ಪ ಸುಲಭ. ಕೊರ್ಡೇಲಿಯಾ ಹಡಗಿನಲ್ಲಿ ಮುಂಬೈಯಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೋಗುವುದಾದರೆ ದರ ರೂಪಾಯಿಯಲ್ಲೇ ಇರುತ್ತದೆ, ವಿನಿಮಯದ ಗೋಜಿಲ್ಲ. ಕ್ಯಾನ್ಸಲ್ ಮತ್ತು ತಾರೀಕು ಬದಲಾವಣೆಯ ಷರತ್ತುಗಳನ್ನು ಮಾತ್ರ ಕಣ್ಣು ಬಿಟ್ಟು ಓದಿ.

ಹಂತ 7: ಗಡುವು ದಾಟಿದ ಮೇಲೆ ದರ ಇಳಿದರೆ

ಇಲ್ಲಿ ಹಕ್ಕಿನ ಮಾತು ನಡೆಯುವುದಿಲ್ಲ, ವಿನಂತಿ ಮಾತ್ರ. ಹಣ ವಾಪಸ್ ಕೇಳಿದರೆ 'ಆಗಲ್ಲ' ಅನ್ನುತ್ತಾರೆ. ಬದಲಿಗೆ, ಅದೇ ಹಡಗಿನಲ್ಲಿ ಮೇಲಿನ ದರ್ಜೆಯ ರೂಮ್ ಈಗ ನೀವು ಕಟ್ಟಿದ ದರಕ್ಕೇ ಮಾರಾಟಕ್ಕಿದೆಯಾ ನೋಡಿ. ಇದ್ದರೆ ಸ್ಕ್ರೀನ್‌ಶಾಟ್ ಸಹಿತ ಅಪ್‌ಗ್ರೇಡ್ ಕೇಳಿ. ಅದು ಆಗದಿದ್ದರೆ ಆನ್‌ಬೋರ್ಡ್ ಕ್ರೆಡಿಟ್. ಅದೂ ಇಲ್ಲವೆಂದರೆ ಒಂದು ಹೊತ್ತಿನ ಸ್ಪೆಷಾಲಿಟಿ ರೆಸ್ಟೋರೆಂಟ್ (ಟಿಕೆಟ್‌ನಲ್ಲಿ ಸೇರದ, ಬೇರೆ ದುಡ್ಡು ಕೊಡಬೇಕಾದ ಹೋಟೆಲ್) ಊಟವಾದರೂ ಸಿಗುತ್ತದಾ ಕೇಳಿ.

ರಾಯಲ್ ಕೆರಿಬಿಯನ್‌ನಂಥ ಕಂಪನಿಗಳಲ್ಲಿ ಅಪ್‌ಗ್ರೇಡ್‌ಗೆ ಹರಾಜು ಕೂಗುವ ವ್ಯವಸ್ಥೆಯೂ ಇದೆ. ಅಲ್ಲಿ ನೀವು ಹಾಕುವ ಮೊತ್ತ ತಲಾ ಲೆಕ್ಕದ್ದು, ರೂಮಿಗಲ್ಲ. ಗೊತ್ತಿಲ್ಲದೆ 100 ಅಂತ ಒತ್ತಿ, ಬಿಲ್‌ನಲ್ಲಿ ದುಪ್ಪಟ್ಟು ನೋಡಿ ಬೆಚ್ಚಿಬೀಳುವುದು ಬೇಡ.

ಟಿಕೆಟ್ ಬಿಟ್ಟು ಉಳಿದದ್ದರ ದರವೂ ಇಳಿಯುತ್ತದೆ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಟಿಕೆಟ್‌ನಲ್ಲಿ ಸಿಗದ ಉಳಿತಾಯ ಇಲ್ಲಿ ಸುಲಭವಾಗಿ ಸಿಗುತ್ತದೆ. ವೈಫೈ, ಡ್ರಿಂಕ್ಸ್ ಪ್ಯಾಕೇಜ್, ದಡದ ಪ್ರವಾಸ, ಸ್ಪೆಷಾಲಿಟಿ ಊಟ ಇವನ್ನು ಕಂಪನಿಯ ಆಪ್‌ನಲ್ಲಿ ಮೊದಲೇ ಕೊಂಡಿದ್ದರೆ, ಹಡಗು ಹೊರಡುವುದಕ್ಕೆ ಕೆಲವು ದಿನ ಇರುವವರೆಗೆ ನೀವೇ ಕ್ಯಾನ್ಸಲ್ ಮಾಡಿ ಕಡಿಮೆ ದರಕ್ಕೆ ಮತ್ತೆ ಕೊಳ್ಳಲು ಹಲವು ಕಂಪನಿಗಳು ಬಿಡುತ್ತವೆ. ಏಜೆಂಟ್ ಬೇಡ, ಯಾರಿಗೂ ಫೋನ್ ಬೇಡ. ಹಬ್ಬದ ಆಫರ್ ಬಂದಾಗ ಒಮ್ಮೆ ನೋಡಿ. ಕಾರ್ಡಿನ ಮಾರ್ಕಪ್ ಇಲ್ಲೂ ಬೀಳುತ್ತದೆ, ಆದ್ದರಿಂದ ಇಳಿಕೆ ಶೇ 10ಕ್ಕಿಂತ ಕಡಿಮೆ ಇದ್ದರೆ ನಾನಂತೂ ಮುಟ್ಟುವುದಿಲ್ಲ.

ಹಾಗೇ ಒಂದು ಮಾತು. ಹವಾಮಾನದಿಂದಲೋ ಬೇರೆ ಕಾರಣಕ್ಕೋ ಹಡಗು ಒಂದು ಬಂದರನ್ನು ಬಿಟ್ಟು ಮುಂದೆ ಹೋದರೆ, ಆ ಬಂದರಿನ ಶುಲ್ಕವನ್ನು ನಿಮ್ಮ ಹಡಗಿನ ಖಾತೆಗೆ ವಾಪಸ್ ಹಾಕುವ ರೂಢಿ ಇದೆ. ಕೊನೆಯ ದಿನದ ಬಿಲ್‌ನಲ್ಲಿ ಕಾಣದಿದ್ದರೆ ರಿಸೆಪ್ಷನ್‌ನಲ್ಲಿ ಕೇಳಿ.

ಕೊಟ್ಟ ಮಾತು ತಪ್ಪಿದರೆ

ದರ ಇಳಿದದ್ದೇ ದೂರಿಗೆ ಕಾರಣ ಆಗುವುದಿಲ್ಲ. ಆದರೆ 'ದರ ಇಳಿದರೆ ವ್ಯತ್ಯಾಸ ಕೊಡುತ್ತೇವೆ' ಅಂತ ಬರಹದಲ್ಲಿ ಹೇಳಿ ಕೊಡದಿದ್ದರೆ, ಅಥವಾ ಕಂಪನಿ ಏಜೆಂಟ್‌ಗೆ ಕೊಟ್ಟ ರಿಫಂಡ್ ನಿಮಗೆ ತಲುಪದಿದ್ದರೆ ವಿಷಯ ಬೇರೆ. ಮೊದಲು ಇಮೇಲ್‌ನಲ್ಲಿ ಗಡುವು ಕೊಟ್ಟು ಕೇಳಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ಟ್ರಾವೆಲ್ ಕಂಪನಿಯ ಆಫೀಸ್ ಮುಂಬೈಯಲ್ಲಿದ್ದರೂ ಕೇಸ್ ಬೆಂಗಳೂರಿನಲ್ಲೇ ನಡೆಯುತ್ತದೆ. ಕಟ್ಟಿದ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಆ ಸ್ಕ್ರೀನ್‌ಶಾಟ್‌ಗಳು, ಇಮೇಲ್‌ಗಳು ಕೆಲಸಕ್ಕೆ ಬರುವುದು ಇಲ್ಲೇ.

ಹಂತ 8: ತೆರಿಗೆಯ ಕಾಗದ ಸರಿ ಮಾಡಿಕೊಳ್ಳಿ

ಭಾರತದ ಏಜೆಂಟ್ ಮೂಲಕ ವಿದೇಶಿ ಪ್ಯಾಕೇಜ್ ಕೊಂಡರೆ ಬಿಲ್‌ನಲ್ಲಿ ಜಿಎಸ್‌ಟಿ ಜೊತೆಗೆ ಟಿಸಿಎಸ್ (ಏಜೆಂಟ್ ನಿಮ್ಮಿಂದ ವಸೂಲಿ ಮಾಡಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಇರುತ್ತದೆ. 2023ರ ಅಕ್ಟೋಬರ್‌ನಿಂದ ವರ್ಷಕ್ಕೆ 7 ಲಕ್ಷದವರೆಗೆ ಶೇ 5, ಮೇಲಿನದಕ್ಕೆ ಶೇ 20 ಅಂತ ಇತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷ ಆಯಿತು. 2026ರ ಏಪ್ರಿಲ್‌ನಿಂದ ಮಿತಿಯೇ ಇಲ್ಲದೆ ಶೇ 2 ಆಯಿತು. ಬಜೆಟ್ ಬಂದಾಗ ಈ ದರ ಬದಲಾಗುವುದರಿಂದ ನಿಮ್ಮ ಬಿಲ್‌ನಲ್ಲಿ ಎಷ್ಟು ಹಿಡಿದಿದ್ದಾರೆ ಅನ್ನುವುದನ್ನೇ ನೋಡಿ.

ದರ ಇಳಿದು ಮೊತ್ತ ಕಡಿಮೆ ಆದರೆ ಏಜೆಂಟ್‌ನಿಂದ ಕ್ರೆಡಿಟ್ ನೋಟ್ ಅಥವಾ ತಿದ್ದಿದ ಬಿಲ್ ಕೇಳಿ ಪಡೆಯಿರಿ. ಹೊಸ ಮೊತ್ತಕ್ಕೆ ತಕ್ಕ ಹಾಗೆ ಜಿಎಸ್‌ಟಿಯೂ ಕಡಿಮೆ ಆಗಿರಬೇಕು. ಟಿಕೆಟ್ ವ್ಯತ್ಯಾಸ ಮಾತ್ರ ಕೊಟ್ಟು ತೆರಿಗೆಯ ಭಾಗ ಮರೆಯುವವರಿದ್ದಾರೆ. ಟಿಸಿಎಸ್ ಅನ್ನು ಆಗಲೇ ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದರೆ ಅದನ್ನು ನಿಮ್ಮ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಬುಕಿಂಗ್ ಯಾರ ಪ್ಯಾನ್‌ನಲ್ಲಿದೆಯೋ ಅವರ ಫಾರ್ಮ್ 26ಎಎಸ್‌ನಲ್ಲಿ (ತೆರಿಗೆ ಇಲಾಖೆಯ ಸೈಟ್‌ನಲ್ಲಿ ಸಿಗುವ ತೆರಿಗೆ ಜಮೆಯ ಪಟ್ಟಿ) ಅದು ಕಾಣಿಸಬೇಕು. ಮನೆಯಲ್ಲಿ ತೆರಿಗೆ ಕಟ್ಟುವವರು ನೀವು, ಬುಕಿಂಗ್ ಮಾತ್ರ ಅಪ್ಪನ ಪ್ಯಾನ್‌ನಲ್ಲಿ ಆಗಿದ್ದರೆ ಆ ಹಣ ವಾಪಸ್ ಪಡೆಯಲು ಅವರ ಹೆಸರಿನಲ್ಲೇ ರಿಟರ್ನ್ಸ್ ಹಾಕಬೇಕಾಗುತ್ತದೆ.